ಅದಲ್ಲ, ಮೇಲಿನ ಲೈಟು

ನಮ್ಮ ಚಿಕ್ಕಮ್ಮನ ಮಗ ಪ್ರೀತಮ್‌ಗೆ ಆದದ್ದು ಇದು. ಜೋಗೇಶ್ವರಿಯ ಒಂದು ಸಾಲುಮನೆ ಚಾಳಿನಲ್ಲಿ, ಕಳೆದ ಡಿಸೆಂಬರಿನಲ್ಲಿ. ನಗುವವರು ಈಗಲೇ ನಕ್ಕು ಮುಗಿಸಿ.

ಹೆಂಡತಿ ಚಂಪಾ ತೀರಿಕೊಂಡ ಮೇಲೆ ಮಗಳು ನಿಶಾಳಿಗೆ, ಅಮ್ಮ ನಕ್ಷತ್ರವಾಗಿದ್ದಾಳೆ ಅಂತ ಹೇಳಿಬಿಟ್ಟಿದ್ದ. ಹೇಳಬಾರದಿತ್ತು. ಈ ಊರಲ್ಲಿ ನಕ್ಷತ್ರ ಎಲ್ಲಿಂದ ತರುವುದು? ಹುಣ್ಣಿಮೆ ಹತ್ತಿರ ಬಂದರೆ ಚಂದ್ರನ ಬೆಳಕಲ್ಲಿ ಎಲ್ಲ ಅಳಿಸಿಹೋಗುತ್ತದೆ. ಅಮಾವಾಸ್ಯೆಗೆ ಕಾದರೆ, ಎದುರು ಕಟ್ಟುತ್ತಿರುವ ಟವರಿನ ಫ್ಲಡ್‌ಲೈಟು ಆಕಾಶವನ್ನೇ ನುಂಗುತ್ತದೆ. ಒಮ್ಮೆ ರೋಸಿಹೋಗಿ ಟವರಿನ ತುದಿಯ ಕೆಂಪು ದೀಪವನ್ನೇ ತೋರಿಸಿದ. “ಪಪ್ಪಾ, ಅದು ಬಿಲ್ಡಿಂಗಿನ ಲೈಟ್,” ಅಂದಳು. ಆಮೇಲೆ ಅವನ ಹತ್ತಿರ ಮಾತೇ ಬಿಟ್ಟಳು. ಹತ್ತು ನಿಮಿಷ ಫ್ಲಡ್‌ಲೈಟ್ ಬಂದ್ ಮಾಡು ಅಂತ ಟವರಿನ ವಾಚ್‌ಮನ್‌ಗೆ ಕೈಮುಗಿದ. ಅವನು ನಕ್ಕ.

ಅವತ್ತು ಅಮಾವಾಸ್ಯೆ. ತಾನು ಕೆಲಸ ಮಾಡುವ ಮಾಟುಂಗದ ಹೋಟೆಲ್ ಮುಚ್ಚಿ, ಕೊನೆಯ ಲೋಕಲ್ ರೈಲು ಹಿಡಿದು ಬಂದ. ಚಾಳಿನ ಹಿಂದಿನ ಬಾವಿಯ ಪಕ್ಕ ಮೊಬೈಲ್ ಟಾರ್ಚ್ ಹಾಕಿಕೊಂಡು ನಡೆಯುತ್ತಿದ್ದ. ಗಳಕ್... ಒಳಗೆ ನೀರು ಅಲುಗಿತು. ಕಬ್ಬಿಣದ ಜಾಲರಿಯ ಮೇಲೆ ಬಗ್ಗಿ ನೋಡಿದ.

ನೀರಿನಲ್ಲಿ ಫ್ಲಡ್‌ಲೈಟಿನ ಬಿಂಬವೇ ಇಲ್ಲ. ಬರೀ ಕತ್ತಲೆ... ಕತ್ತಲೆ ತುಂಬ ನಕ್ಷತ್ರ. ತಲೆಯೆತ್ತಿದ. ಮೇಲೆ ಅದೇ ಬೂದು ಆಕಾಶ, ಅದೇ ಹಾಳು ಲೈಟು.

ಆಗ ಕೆಳಗಿನಿಂದ ಪಿಸುಮಾತು. “ಆ ಲೈಟ್ ಬಂದ್ ಮಾಡಿ ಮಾರಾಯ್ರೆ... ಕಣ್ಣಿಗೆ ಹೊಡೀತದೆ.”

ಒಂದೇ ಖೋಲಿಯ ಮನೆಯಲ್ಲಿ ಅವನು ಮಲಗಿಕೊಂಡು ಮೊಬೈಲ್ ನೋಡುವಾಗಲೆಲ್ಲ ಚಂಪಾ ಹೇಳುತ್ತಿದ್ದದ್ದು ಇದೇ ಮಾತು, ಇದೇ ಸ್ವರ. ಟಾರ್ಚ್ ಆರಿಸಿದ.

“ಅದಲ್ಲ... ಮೇಲಿನದ್ದು.”

“ಅದು ನನ್ನ ಕೈಯಲ್ಲಿ ಇಲ್ಲ, ಚಂಪಾ,” ಅಂದ. ಅಳು ಬಂತು ಅವನಿಗೆ, ಹೆದರಿಕೆಗಿಂತ ಹೆಚ್ಚು ಸಿಟ್ಟಿನಿಂದ.

ಟಪ್... ಫ್ಲಡ್‌ಲೈಟ್ ಆರಿತು.

ಓಡಿಹೋಗಿ ನಿಶಾಳನ್ನು ಎಬ್ಬಿಸಿ ಎತ್ತಿಕೊಂಡು ಬಂದ. ಬಾವಿಯಲ್ಲಿ ಏನೂ ಇರಲಿಲ್ಲ. ಆದರೆ ಮೇಲೆ, ಹೊಗೆಯ ನಡುವೆ, ಒಂದೇ ಒಂದು ಚುಕ್ಕಿ. ಹುಡುಗಿ ತುಂಬ ಹೊತ್ತು ನೋಡಿದಳು.

“ಅಮ್ಮ ಇಷ್ಟು ಸಣ್ಣ ಆಗಿದ್ದಾಳಾ?” ಅಂದಳು.

ಬೆಳಿಗ್ಗೆ ಬಿಲ್ಡರನ ಜನ ಬಂದು ಒಂದರ ಬದಲು ಎರಡು ಲೈಟು ಹಾಕಿದರು. ಆವತ್ತಿನಿಂದ ಆ ಒಂದು ಚುಕ್ಕಿಯೂ ಇಲ್ಲ. ಯಾರಿಗೆ ಹೇಳುವುದು?

ಇಳಿಸಿದ ಹಳೆಯ ಲೈಟನ್ನು ನಾನೇ ಕಣ್ಣಾರೆ ನೋಡಿದೆ. ಗಾಜಿನಲ್ಲಿ ಒಂದು ಬಿರುಕೂ ಇಲ್ಲ. ಒಳಗೆ ತುಂಬ ನೀರು. ಬಿಚ್ಚಿದಾಗ ಪಾಚಿಯ ವಾಸನೆ. ನೀರಿನಲ್ಲಿ ಒಂದು ಗಪ್ಪಿ ಮೀನು, ಸೊಳ್ಳೆ ಆಗಬಾರದೆಂದು ಮುನಿಸಿಪಾಲಿಟಿಯವರು ಬಾವಿಗೆ ಬಿಡುತ್ತಾರಲ್ಲ, ಅಂಥದ್ದು. ಬದುಕಿತ್ತು. ಈಗ ನಿಶಾಳ ಹತ್ತಿರ ಉಪ್ಪಿನಕಾಯಿ ಬಾಟಲಿಯಲ್ಲಿದೆ. ಸುಳ್ಳು ಅನಿಸಿದರೆ ಬಂದು ನೋಡಿ. ಲೈಟ್ ಹಾಕಿದರೆ ತಳಕ್ಕೆ ಹೋಗುತ್ತದೆ. ಆರಿಸಿದರೇ ಮೇಲೆ ಬರುವುದು.