ಒಬ್ಬ ಗೆಳತಿಯ ಮಂಡಿ

…ಆ ಸ್ಟೂಲ್ ಮ್ಯಾಲೆ ಬ್ಯಾಡ ಕಣೇ, ಅದರ ಒಂದು ಕಾಲು ನನ್ನ ಕಾಲಿದ್ದಂಗೆ, ಯಾವಾಗ ಕೈ ಕೊಡ್ತೈತೋ ಹೇಳಾಕಾಗಲ್ಲ. ಈ ಕುರ್ಚಿ ಮ್ಯಾಲೆ ಕುತ್ಕ. ಇರು, ಯೂನಿಫಾರಂ ಬಟ್ಟೆ ಎತ್ತಿಡ್ತೀನಿ... ಹ್ಞಾಂ. ಈಗ ಆ ಮಾಸ್ಕ್ ತೆಗಿ. ಇಲ್ಲಿ ನಿನ್ನ ಕೂಡ ಸೆಲ್ಫಿ ತಗಳೋರು ಯಾರೂ ಇಲ್ಲ. ಕರೆಂಟ್ ಹೋಗೈತೆ, ಗಿರಾಕಿ ಇಲ್ಲ, ಕೆಳಗಿನ ಕಿರಾಣಿ ಅಂಗ್ಡಿಯೋರೂ ಬಾಗ್ಲು ಎಳ್ಕಂಡು ಮಲಗ್ಯಾರೆ.

ಮಾಸ್ಕ್ ಇದ್ರೂ ಹೆಂಗೆ ಗುರ್ತು ಹಿಡಿದ್ಲು ಅಂತ ನೋಡ್ತೀಯಾ? ಮೆಟ್ಟಿಲ ಸಪ್ಪಳ ಸಾಕಾತು ನಂಗೆ. ಹಿಮ್ಮಡಿ ಊರದಂಗೆ, ಮುಂಗಾಲ ಮ್ಯಾಲೆ, ಎದುರು ಟೀಮಿನ ಗೆರೆ ದಾಟಾಕೆ ಹೊಂಟಂಗೆ ಬರ್ತೀಯ. ಹನ್ನೆರಡು ವರ್ಷ ಆತು, ಅದೊಂದು ಬದಲಾಗಿಲ್ಲ ನೋಡು. ಭಾನುವಳ್ಳಿ ಮುರುಗೇಶಪ್ಪರ ಮಗಳು ರೂಪಶ್ರೀ, ಇಂಡಿಯಾ ಟೀಮಿನ ಕಬಡ್ಡಿ ರೈಡರ್ರು, ಹರಿಹರದ ಶೋಭಾರಾಣಿ ಟೈಲರ್ ಅಂಗ್ಡಿಗೆ ಬಂದು ಕುಂತಾಳೆ ಅಂದ್ರೆ ಯಾರು ನಂಬ್ತಾರೆ?

ಚಾ ತರಿಸ್ಲಾ? ಬ್ಯಾಡ. ಮಂಡಕ್ಕಿ? ಅದೂ ಬ್ಯಾಡ. ಸರಿ ಬಿಡು, ದೊಡ್ಡೋರಿಗೆ ಡಯಟ್ ಇರ್ತೈತೆ. ಹೈಸ್ಕೂಲ್ ಮೈದಾನದಾಗೆ ಒಂದೇ ಪೊಟ್ಟಣದ ಮಂಡಕ್ಕಿಗೆ ಕಿತ್ತಾಡ್ತಿದ್ವಲ್ಲ, ಆಗ ಯಾವ ಡಯಟ್ ಇತ್ತು? ಮಿರ್ಚಿ ಯಾವಾಗ್ಲೂ ನಿನ್ನ ಪಾಲಿಗೇ ಬರ್ತಿತ್ತು. ನಾನು ಬರೀ ಮಂಡಕ್ಕಿ ಆರಿಸ್ಕಂಡು ತಿಂತಿದ್ದೆ... ಯಾಕ ನಗ್ತೀಯ? ನಂಗೆ ಇನ್ನೂ ಲೆಕ್ಕ ಐತೆ.

ಜಿಪ್ಪು, ಗುಂಡಿ ತರಾಕೆ ವಾರಕ್ಕೊಂದು ಸಲ ದಾವಣಗೆರೆಗೆ ಹೋಗ್ತೀನಿ. ಪಿ.ಬಿ. ರಸ್ತೆಯಾಗೆ ಬಸ್ ತಿರುಗಿದ ಕೂಡ್ಲೇ ಜಾಹೀರಾತಿನ ಬೋರ್ಡಿನಾಗೆ ನೀನೇ. ಎರಡು ಮಾಳಿಗೆ ಎತ್ತರ, ಕೈಯಾಗೆ ಪ್ಲಾಸ್ಟಿಕ್ ಪೈಪು. ನೀನು ಯಾವತ್ತು ಪೈಪ್ ಮುಟ್ಟಿದ್ದೆ? ನಿಮ್ಮಪ್ಪಾರ ತ್ವಾಟದಾಗೆ ಪೈಪ್ ಎಳೀತಿದ್ದೋನು ನಮ್ಮಪ್ಪ ಉಚ್ಚೆಂಗಪ್ಪ. ಎಳೆದೋನ ಫೋಟೊ ಯಾರು ಹಾಕ್ತಾರೆ ಬಿಡು. ಆ ಬೋರ್ಡ್ ಕಾಣಬಾರ್ದು ಅಂತ ಬಸ್ಸಿನಾಗೆ ಬಲಗಡೆ ಸೀಟ್ ಖಾಲಿ ಇದ್ರೂ ಎಡಗಡೆ ನಿಂತ್ಕಂಡು ಹೋಗ್ತೀನಿ, ಈ ಕಾಲಿಟ್ಕಂಡು. ಹ್ಞೂಂ, ಹೊಟ್ಟೆ ಉರೀತೈತೆ. ಸುಳ್ಳು ಯಾಕ ಹೇಳ್ಲಿ? ಹೊಟ್ಟೆಕಿಚ್ಚಿಗೆ ಮದ್ದಿಲ್ಲ. ಇದ್ದಿದ್ರೆ ನಿನ್ನ ಟ್ರಸ್ಟಿನೋರು ಅದಕ್ಕೂ ಒಂದು ಕ್ಯಾಂಪ್ ಮಾಡ್ತಿದ್ರು.

ಕ್ಯಾಂಪ್ ಅಂದ ಕೂಡ್ಲೇ ತಲೆ ಎತ್ತಿದೆ ನೋಡು! ಹೋದ ಭಾನುವಾರದ ಸುದ್ದಿ ನನ್ನ ಕಿವಿಗೂ ಬಿತ್ತು. ದಾವಣಗೆರೆ ಸ್ಟೇಡಿಯಂನಾಗೆ ಶಾಮಿಯಾನ ಹೊಡ್ಸಿ, ಬೆಂಗ್ಳೂರಿಂದ ಎಲುಬಿನ ಡಾಕ್ಟ್ರನ್ನ ಕರ್ಸಿ, ಆಟದಾಗೆ ಮಂಡಿ ಕಳ್ಕಂಡ ಹುಡುಗೀರಿಗೆ ಎಲ್ಲಾ ಪುಕ್ಕಟೆ ಅಂದ್ರಂತೆ. ಕುರ್ಚಿ ಮಾತ್ರ ಖಾಲಿ ಅಂತೆ. ಹರಿಹರ ಕಡೆಯಿಂದ ಒಂದು ನರಪಿಳ್ಳೆ ಬರ್ಲಿಲ್ಲಂತೆ. ನಾನೇನ್ ನಗಲಿಲ್ಲ... ಸ್ವಲ್ಪ ನಕ್ಕೆ. ಅವತ್ತು ಒಂದು ರೊಟ್ಟಿ ಜಾಸ್ತಿ ಹೋತು, ಅಷ್ಟೇ.

ಜನ ಶ್ಯಾಣೇರಾಗ್ಯಾರೆ ಕಣೇ. ಈಗ ಚೆಂಡು ಮುಟ್ಟಿದೋರೆಲ್ಲಾ ಒಂದೊಂದು ಟ್ರಸ್ಟ್ ಇಟ್ಕಂಡಾರೆ. ಯಾವುದೋ ಊರಿನ ಸ್ಕೂಲಾಗೆ ಹುಡುಗರ ಕೈಗೆ ಬ್ಯಾಟ್ ಕೊಟ್ಟು, ಫೋಟೊ ತಗದು, ಬ್ಯಾಟ್ ವಾಪಸ್ ವ್ಯಾನಿಗೆ ಹಾಕ್ಕಂಡು ಹೋದ್ರಂತೆ. ಖರೇನೋ ಸುಳ್ಳೋ, ಅಂಥದ್ದೊಂದು ಹಬ್ಬಿದ್ರೆ ಸಾಕು. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ. ಬ್ಯಾಟ್ ಕಸ್ಕಂಡೋನು ಯಾರೋ, ಮಾನ ಹೋಗಿದ್ದು ನಿಮ್ಮೆಲ್ಲಾರ್ದೂ.

ನನ್ನನ್ನೂ ಕೇಳಿದ್ರು. ಕೇಳದೆ ಬಿಡ್ತಾರಾ? ಬೋರ್ಡ್ ಮ್ಯಾಲಿನ ಮುಖ ನೋಡಿ ಮಗಳ ಕಾಲು ಕುಯ್ಯಾಕೆ ಯಾರು ಕೊಡ್ತಾರೆ? ಅವಳ ಕೂಡ ಆಡಿದೋಳು ಊರಾಗೆ ಯಾರದಾಳೆ ಅಂತ ಹುಡುಕ್ಕಂಡು ಬರ್ತಾರೆ. ಸಾರಥಿ ಹಳ್ಳಿಯಿಂದ ತಿಮ್ಮವ್ವ ಅನ್ನೋ ಮುದುಕಿ ಬಂದಿದ್ಲು. ಮೊಮ್ಮಗಳ ಕಾಲು ತೋರಿಸಬೇಕು, ಕ್ಯಾಂಪಿಗೆ ಕರ್ಕಂಡು ಹೋಗ್ಲಾ ಅಂದ್ಲು. 'ನೋಡ್ಕಂಡು ಹೋಗ್ರಿ' ಅಂದೆ. ಅಷ್ಟೇ ನಾನಂದಿದ್ದು. ಅದರಾಗೆ ಏನ್ ಸುಳ್ಳೈತೆ?

ಹಂಗೆ ನೋಡಬ್ಯಾಡ. ಸರಿ... ಅಂದಿದ್ದು ಹೆಂಗೆ ಅಂದ್ರೆ, ಸೂಜಿಗೆ ದಾರ ಪೋಣಿಸ್ತಾ, ಮುಖ ಎತ್ತದೆ ಅಂದೆ. ಮುದುಕಿ ಅರ್ಥ ಮಾಡ್ಕಂಡು ಎದ್ದು ಹೋದ್ಲು.

ನಿನ್ನ ಮ್ಯಾಲೆ ನಂಗೆ ಸಿಟ್ಟು ಯಾವಾಗ ಬಂತು ಗೊತ್ತಾ? ಬೋರ್ಡಿಗಲ್ಲ. ಟೀವ್ಯಾಗೆ ನಿನ್ನ ಇಂಟರ್‌ವ್ಯೂ ಬಂದಿತ್ತಲ್ಲ, ಅವತ್ತು. ಎಲ್ಲಾರೂ ಪುಸ್ತಕ ಕೊಡ್ತಾರೆ, ಊಟ ಹಾಕ್ತಾರೆ, ನೀವ್ಯಾಕೆ ಮಂಡಿ ಆಪರೇಷನ್ನೇ ಮಾಡಿಸ್ತೀರಿ ಅಂತ ಕೇಳಿದ್ರು. ನೀನು ಕಣ್ಣು ತುಂಬ್ಕಂಡು, 'ನನಗೆ ಒಬ್ಬ ಗೆಳತಿ ಇದ್ದಳು, ನನಗಿಂತ ಚೆನ್ನಾಗಿ ಆಡುತ್ತಿದ್ದಳು' ಅಂದೆ. ಒಬ್ಬ ಗೆಳತಿ! ಆ ಗೆಳತಿಗೆ ಹೆಸರಿಲ್ವೇನೇ? ಶೋಭಾರಾಣಿ ಅಂತ ನಾಕು ಅಕ್ಷರ ಅಂದಿದ್ರೆ ನಿನ್ನ ನಾಲಿಗೆ ಸವೀತಿತ್ತಾ? ಅದೂ 'ಇದ್ದಳು' ಅಂತೀಯ, ಸತ್ತೋಳ ಸುದ್ದಿ ಹೇಳಿದಂಗೆ. ಸತ್ತಿಲ್ಲ. ಹರಿಹರದಾಗೆ ಬಲಗಾಲೊಂದ್ರಾಗೇ ಮಷಿನ್ ತುಳ್ಕಂತಾ ಅದಾಳೆ. ಎಡಗಾಲು ಪೆಡಲ್ ಮ್ಯಾಲೆ ಸುಮ್ನೆ ಇರ್ತೈತೆ, ಜೊತೆಗೆ ಇರ್ಲಿ ಅಂತ.

ನೋಡು, ನೋಡು. ಆಗಿಂದ ಕದ್ದು ನೋಡ್ತಿದ್ದೀಯಲ್ಲ, ಎದುರೆದುರೇ ನೋಡು. ನಿನ್ನ ಟ್ರಸ್ಟಿನ ಬಂಡವಾಳ ಇದು.

ಸೆಲೆಕ್ಷನ್ನಿಗೆ ಇನ್ನೆರಡೇ ದಿನ ಇತ್ತು. ಪ್ರಾಕ್ಟೀಸಿನಾಗೆ ನಾನು ರೈಡಿಗೆ ಬಂದೆ, ನೀನು ಪಾದ ಹಿಡಿದೆ, ನಾನು ತಿರುಗಿದೆ. ಟಪ್ ಅಂತು. ಯಾರ ತಪ್ಪೂ ಅಲ್ಲ, ಆಟ. ತಿಪ್ಪೇರುದ್ರಪ್ಪ ಮೇಷ್ಟ್ರು ಓಡಿ ಬಂದು ಏನಾತು ಅಂದಾಗ ನೀನು ಸುಣ್ಣದಂಗೆ ಬೆಳ್ಳಗಾಗಿ ನಿಂತಿದ್ದೆ. ನಾನೇ ಜಾರಿ ಬಿದ್ದೆ ಸಾರ್ ಅಂದೆ. ಇವತ್ತಿನ ತಂಕ ಊರಾಗೆ ಎಲ್ಲಾರೂ ಹಂಗೇ ತಿಳ್ಕಂಡಾರೆ. ಮೊಟ್ಟೆ, ಉದ್ದಿನ ಹಿಟ್ಟು ಮೆತ್ತಿ ನಾಟಿ ಕಟ್ಟು ಕಟ್ಟಿದ್ರು. ನೀನು ಬೆಂಗ್ಳೂರಿಗೆ ಹೋದೆ, ಅಲ್ಲಿಂದ ಡೆಲ್ಲಿಗೆ ಹೋದೆ. ನಾನು ಎದ್ದು ಬಚ್ಚಲಿಗೆ ಹೋಗಾಕೆ ಮೂರು ತಿಂಗ್ಳು ಹಿಡೀತು. ಒಂದಿನ ಬಂದು ನೋಡ್ಲಿಲ್ಲ ನೀನು.

ಯಾಕ ತಲೆ ಅಲ್ಲಾಡಿಸ್ತೀಯ? ಬಂದಿದ್ಯಾ? ಬಾಗಿಲ ತಂಕ ಬಂದು ಹೋದ್ಯಾ? ...ಬಾಗ್ಲು ತೆಗೆದೇ ಇತ್ತಲ್ಲೇ ರೂಪಾ.

ಹೋಗ್ಲಿ ಬಿಡು. ಸಂಜೆ ಹೊತ್ತು ಗಾಂಧಿ ಮೈದಾನದಾಗೆ ಹುಡುಗೀರಿಗೆ ಕಬಡ್ಡಿ ಹೇಳ್ಕೊಡ್ತೀನಿ. ಕುರ್ಚಿ ಮ್ಯಾಲೆ ಕುಂತು ಕೂಗೋದು, ಇನ್ನೇನು. ಅದಕ್ಕೆ ಯಾರೂ ಟ್ರಸ್ಟ್ ಅನ್ನಲ್ಲ, ಟೈಲರಕ್ಕಗೆ ಹುಚ್ಚು ಅಂತಾರೆ. ಅವರಾಗೆ ಸಾಯಿಮಾ ಅಂತ ಒಬ್ಬಳು, ಹತ್ತೊಂಬತ್ತು ವರ್ಷ. ಅವರಮ್ಮ ಇಮಾಂಬೀ ದಿನಾ ಬಸ್ಸಿಗೆ ಹೋಗಿ ದಾವಣಗೆರೆ ಮಂಡಕ್ಕಿ ಭಟ್ಟಿಯಾಗೆ ದುಡೀತಾಳೆ. ಆ ಹುಡುಗಿ ರೈಡಿಗೆ ಹೋಗೋದು ನೀನು ನೋಡ್ಬೇಕಿತ್ತು. ನಿನ್ನನ್ನ, ನನ್ನನ್ನ ಕೂಡಿಸಿದ್ರೂ ಅವಳಿಗೆ ಸಾಟಿ ಇಲ್ಲ. ಹೋದ ಬ್ಯಾಸಿಗ್ಯಾಗೆ ಅವಳದ್ದೂ ಹೋತು. ಎಡಮಂಡಿ. ಅದೇ ಟಪ್. ಕುರ್ಚಿ ಮ್ಯಾಲೆ ಕುಂತೋಳಿಗೆ ಕೇಳಿಸ್ತು ನಂಗೆ.

ದೀಪಾವಳಿ ಒಳಗೆ ಆಪರೇಷನ್ ಆದ್ರೆ ಮತ್ತೆ ಆಡ್ತಾಳೆ, ತಡ ಆದ್ರೆ ಒಳಗೆ ಸವೆದು ನನ್ನಂಗೇ ಆಗ್ತಾಳೆ ಅಂದ್ರು ಡಾಕ್ಟ್ರು. ಇಮಾಂಬೀ ಹತ್ರ ಎಲ್ಲಿಂದ ಬರ್ಬೇಕು? ನಿನ್ನ ಟ್ರಸ್ಟಿಗೆ ಫಾರಂ ತುಂಬಿದೋಳು ನಾನೇ. ಹ್ಞೂಂ, ನಾನೇ! ಅದರಾಗೆ ಕೋಚಿನ ನಂಬರ್ ಬರೀರಿ ಅಂತಿತ್ತು. ಮನೇರ ನಂಬರ್ ಕೊಟ್ರೆ ಏಜೆಂಟ್ರು ಬಡವರನ್ನ ಹಿಡ್ಕಂಡು ಕಮಿಷನ್ ಕೇಳ್ತಾರೆ, ಅದಕ್ಕೆ ಕೋಚಿಗೆ ಮಾತ್ರ ಫೋನು, ಕೋಚ್ ಹೇಳಿದ್ದೇ ಕೊನೆ ಮಾತು. ನೀನೇ ಮಾಡಿದ ರೂಲಂತಲ್ಲ? ಮೋಸ ಆಗಬಾರ್ದು ಅಂತ. ಒಳ್ಳೇ ರೂಲು.

ಆಮ್ಯಾಲೇನು? ನಿಮ್ಮೋರು ಫೋನೇ ಮಾಡ್ಲಿಲ್ಲ. ಆ ಹುಡುಗಿ ದಿನಾ ನಾಕು ಗಂಟೆಗೆ ಕಾಲೇಜ್ ಬಿಟ್ಟು ಈ ಮೆಟ್ಟಿಲು ಹತ್ತಿ ಬರ್ತಾಳೆ. ಬಾಗ್ಲಾಗೇ ನಿಂತು, 'ಅಕ್ಕಾ, ಫೋನ್ ಬಂತಾ?' ಅಂತಾಳೆ. ಇಲ್ಲ ಕಣವ್ವಾ ಅಂತೀನಿ. ಇಳಿದು ಹೋಗ್ತಾಳೆ. ಇಮಾಂಬೀ ಭಟ್ಟಿಯಾಗೆ ಹೇಳ್ಕಂಡು ಅತ್ಲು. ಭಟ್ಟಿಯೋರು ಓಣಿಗೆ ಹೇಳಿದ್ರು. ಬಡವರ ಮಕ್ಕಳಿಗೆ ಆ ಟ್ರಸ್ಟಿಂದ ಫೋನ್ ಬರಲ್ಲ, ಎಲ್ಲಾ ಫೋಟೊಕ್ಕೆ ಅಂತ ದಾವಣಗೆರೆಯಿಂದ ಹರಿಹರದ ತಂಕ ಹಬ್ಬಿತು. ನಿನ್ನ ಕ್ಯಾಂಪ್ ಖಾಲಿ ಬಿದ್ದಿದ್ದು ಹಿಂಗೆ. ನಿಮ್ಮೋರು ಮಾಡ್ಕಂಡಿದ್ದು, ನನ್ನದೇನೈತೆ ಅದರಾಗೆ?

ಏನಾರ ಮಾತಾಡೇ. ಬಂದಾಗಿಂದ ನಾನೊಬ್ಬಳೇ ಬಡ್ಕಂತಿದ್ದೀನಿ. ಸಾಯಿಮಾ ಯಾರು ಅಂತ ಕೇಳ್ಲಿಲ್ಲ. ಫೋನ್ ಯಾಕ ಮಾಡ್ಲಿಲ್ಲ ಅಂತ ನಿಮ್ಮೋರನ್ನ ಬೈಯ್ಲಿಲ್ಲ.

ಫೋನ್ ಯಾಕ ತಗ್ದೆ? ಮಷಿನ್ ಮ್ಯಾಲೆ ಯಾಕ ಇಟ್ಟೆ?

...ನಿಮ್ಮ ಟ್ರಸ್ಟಿನ ಫೋನೆಲ್ಲಾ ರೆಕಾರ್ಡ್ ಆಗ್ತಾವಾ ಅಲ್ಲಿ?

ಒತ್ತಬ್ಯಾಡ. ರೂಪಾ, ಒತ್ತಬ್ಯಾಡ ಅಂದ್ನಲ್ಲ. ನನ್ನ ದನಿ ನಾನು ಕೇಳಲಾರೆ. ಖಾಲಿ ಕುರ್ಚಿ ನೋಡಿ ಹರಿಹರಕ್ಕೆ ಮಾಡಿದ ಫೋನಿನ ರೆಕಾರ್ಡೆಲ್ಲಾ ಹಾಕ್ಸಿ ಕೇಳಿದ್ಯಾ? ಗುರ್ತು ಹಿಡಿದೆ, ಅಲ್ಲಾ? ನಾನು ನಿನ್ನ ಹೆಜ್ಜ್ಯಾಗೆ ಹಿಡಿದಂಗೆ ನೀನು ನನ್ನ ದನಿಯಾಗೆ ಹಿಡಿದೆ. ಹಿಡೀದೆ ಏನು... ನಾಕು ವರ್ಷ ನಿನ್ನ ಬೆನ್ನ ಹಿಂದೆ ನಿಂತು 'ರೂಪಾ, ಎಡಕ್ಕೆ ನೋಡ್ಕ' ಅಂತ ಕೂಗಿದ ದನಿ ಇದು.

ಬಂದಿತ್ತು. ಹ್ಞೂಂ, ಬಂದಿತ್ತು. ಮೊದಲ್ನೇ ಸಲ, ಆಮ್ಯಾಲೆ ಮಾಡ್ರಿ, ಗಿರಾಕಿ ಅದಾರೆ ಅಂದೆ. ಯಾರೂ ಇರ್ಲಿಲ್ಲ. ಎರಡನೇ ಸಲ ಎತ್ಲಿಲ್ಲ, ಅದು ಬಡ್ಕಳಾದು ನಿಲ್ಲೋ ತಂಕ ನೋಡ್ಕಂತಾ ಕುಂತೆ. ಮೂರನೇ ಸಲ ನಿಮ್ಮ ಟ್ರಸ್ಟಿನ ಹುಡುಗಿ ಎಷ್ಟು ಮೆತ್ತಗೆ ಕೇಳಿದ್ಲು... ಆಪರೇಷನ್ ಮಂಜೂರಾಗಿದೆ ಮೇಡಂ, ಸಾಯಿಮಾ ಯಾವಾಗ ಬರ್ತಾರೆ ಅಂತ. 'ಅವಳಿಗೆ ಮದುವಿ ಗೊತ್ತಾಗೈತೆ, ಮನೇರು ಬ್ಯಾಡ ಅಂದಾರೆ' ಅಂದೆ. ಎಷ್ಟು ಸಲೀಸಾಗಿ ಬಂತು ಬಾಯಾಗೆ! ಅವಳೂ ಎರಡನೇ ಮಾತು ಕೇಳ್ಲಿಲ್ಲ. ಇಮಾಂಬೀ ಮಗಳಿಗೆ ಮದುವಿ ಅಂದ್ರೆ ನಂಬದೋರು ಯಾರದಾರೆ?

ನಿನ್ನ ಮ್ಯಾಲಿನ ಸಿಟ್ಟಿಗೆ ಮಾಡಿದೆ ಅಂದ್ಕಂಡಿದ್ದೀಯಾ? ನಾನೂ ಹಂಗೇ ಅಂದ್ಕಂಡಿದ್ದೆ. ಅಲ್ಲ ಕಣೇ. ನಿನ್ನ ಬೋರ್ಡಿನ ಉರಿ ಬ್ಯಾರೆ, ಇದು ಬ್ಯಾರೆ. ಮಂಜೂರಾಗಿದೆ ಅಂದ್ಲಲ್ಲ ಅವಳು, ಆ ಮಾತು ಕೇಳಿದ ಕೂಡ್ಲೇ ಎದ್ಯಾಗೆ ಏನೋ ಹೊತ್ಕಂತು. ಸಾಯಿಮಾನ ಮಂಡಿ ಸರಿ ಹೋತು ಅಂದ್ರೆ, ನಂದೂ ಸರಿ ಹೋಗಬೋದಿತ್ತು ಅಂತಾತಲ್ಲ. ಇಷ್ಟು ವರ್ಷ ಹಣೆಬರಹ ಅಂತ ತುಳ್ಕಂಡು ಬಂದೆ. ಹಣೆಬರಹ ಅಲ್ಲ, ಯಾರಾರ ಒಬ್ರು ಒಂದು ಫೋನ್ ಮಾಡಿದ್ರೆ ಸಾಕಿತ್ತು ಅಂತ ಗೊತ್ತಾದ್ರೆ ನಾನು ಹೆಂಗೆ ಬದುಕ್ಲಿ? ನಾನೇ ಕೈ ಹಿಡಿದು ಕಲಿಸಿದ ಹುಡುಗಿ. ಅವಳ ಮ್ಯಾಲೆ ಹೊಟ್ಟೆಕಿಚ್ಚು ಬಂತು ನಂಗೆ. ಸವತಿ ಮ್ಯಾಲೂ ಬರಬಾರ್ದು, ಅಂಥದ್ದು ಬಂತು.

ಬೈಯೇ. ಒಂದು ಸಲ ಬೈದು ಬಿಡು.

ಗಡಿಯಾರ ಯಾಕ ನೋಡ್ತೀಯ... ನಾಕಾತಾ?

ಕೇಳು. ಮೆಟ್ಟಿಲ ಮ್ಯಾಲೆ. ಒಂದು ಹೆಜ್ಜೆ ಭಾರ, ಒಂದು ಹಗುರ. ಇನ್ನೂ ನಾಕು ಮೆಟ್ಟಿಲೈತೆ. ನೀನೇ ಹೇಳೇ ಅವಳಿಗೆ, ನಿನ್ನ ಮಾತಾದ್ರೆ ಕೇಳ್ತಾಳೆ. ಹೇಳಲ್ಲಾ? ...ಯಾಕ ಎದ್ದೆ? ಹೋಗಬ್ಯಾಡ. ಅವತ್ತಿನಂಗೆ ಬಾಗಿಲಿಂದ ವಾಪಸ್ ಹೋಗಬ್ಯಾಡ ರೂಪಾ, ಕುತ್ಕ.

ಬಾರವ್ವಾ ಸಾಯಿಮಾ. ಇವತ್ತು ಬಾಗ್ಲಾಗೆ ನಿಲ್ಲಬ್ಯಾಡ, ಒಳಗೆ ಬಾ. ಆ ಸ್ಟೂಲ್ ಬ್ಯಾಡ, ನನ್ನ ಜಾಗದಾಗೆ ಕುತ್ಕ, ಕಾಲು ಚಾಚ್ಕ. ಇವರು ಯಾರು ಅಂತ ಆಮ್ಯಾಲೆ ಹೇಳ್ತೀನಿ. ಇರು, ನೀನು ಕೇಳಬ್ಯಾಡ ಇವತ್ತು, ನಾನೇ ಹೇಳ್ತೀನಿ.

ಫೋನ್ ಬಂದಿತ್ತು ಕಣವ್ವಾ. ಮೂರು ಸಲ ಬಂದಿತ್ತು.