ಕರಡು ತಿದ್ದುವವನ ಎರಡು ಮಾತ್ರೆ

ಡಾಕ್ಟರ ಕೋಣೆಯ ಹೊರಗಿನ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಅಕ್ಕ, ಅವಳ ತಮ್ಮ ಕೂತಿದ್ದರು. ತಮ್ಮ ಅಚ್ಚುಕೂಟದಲ್ಲಿ ಕರಡು ತಿದ್ದುವವನಂತೆ. ಅವನ ಎರಡು ಬೆರಳು ಮಣಿಕಟ್ಟಿನ ನಾಡಿಯ ಮೇಲಿದ್ದವು.

“ಎಣಿಸಿದ್ದು ಸಾಕು, ಕೈ ಬಿಡೋ.”

“ತೊಂಬತ್ತಾರು... ನೀನು ಮಾತಾಡಿಸಿದೆ, ತಪ್ಪಿಹೋಯ್ತು.”

“ಇವತ್ತು ಎರಡೂ ಮಾತ್ರೆ ತಗೊಂಡ್ಯಾ?”

ಅವನು ಮತ್ತೆ ನಾಡಿ ಹಿಡಿದ.

“ಒಂದಾದ್ರೂ?”

“ಇಲ್ಲಕ್ಕಾ. ಹಾರ್ಟಿಂದು ಬಡಿತ ಇಳಿಸುತ್ತೆ, ಇನ್ನೊಂದು ಬಿ.ಪಿ. ಇಳಿಸುತ್ತೆ. ಎರಡೂ ಸೇರಿ ಪೂರ್ತಿ ಇಳಿಸಿಬಿಟ್ರೆ?”

“ಹಾಗಂತ ಯಾರು ಹೇಳಿದ್ದು?”

“ಡಬ್ಬಿಯೊಳಗೆ ಚೀಟಿ ಇರುತ್ತಲ್ಲ, ಭೂತಗನ್ನಡಿ ಹಿಡಿದು ಓದಿದೆ.”

“ಅದನ್ನ ನಾನು ಹರಿದು ಬಿಸಾಕಿದ್ನಲ್ಲೋ!”

“ಅಂಟಿಸ್ಕೊಂಡೆ. ಎರಡು ಅಕ್ಷರ ತಪ್ಪಿತ್ತು, ತಿದ್ದಿದೆ.”

ಅಕ್ಕನಿಗೆ ನಗು ಬಂತು. ನಗುತ್ತಲೇ ಕಣ್ಣೊರೆಸಿಕೊಂಡಳು.

“ಬಿಟ್ಟು ಎಷ್ಟು ದಿನವಾಯ್ತು?”

“ಎರಡು ತಿಂಗಳು.”

“ಅಯ್ಯೋ! ಹೋದ ತಿಂಗಳು ಬಿ.ಪಿ. ಜಾಸ್ತಿ ಅಂತ ಡೋಸ್ ಏರಿಸಿದ್ರಲ್ಲೋ, ನೀನು ನುಂಗ್ತಿದ್ದೀಯ ಅಂದ್ಕೊಂಡು!”

“ಅದನ್ನ ನೋಡಿ ಇನ್ನೂ ಹೆದರಿಕೆಯಾಯ್ತು.”

“ಇವತ್ತು ನಿಜ ಹೇಳ್ಬಿಡು.”

“ಬೈದ್ರೆ ಬಡಿತ ಹೆಚ್ಚಾಗುತ್ತಕ್ಕಾ.”

“ಹೇಳದಿದ್ರೆ ಡೋಸ್ ಹೆಚ್ಚಾಗುತ್ತೆ. ನಾನಿನ್ನೇನು ಮಾಡ್ಲಿ? ನಿನ್ನ ಮಾತ್ರೆ ನಾನು ನುಂಗೋಕಾಗುತ್ತಾ?”

ನರ್ಸ್ ಕರೆದಳು. ಅಕ್ಕ ಎದ್ದು ಅವನ ಕೈ ಹಿಡಿದಳು.

“ನೀನೇ ಹೇಳಕ್ಕಾ.”

“ಹೇಳ್ತೀನಿ, ನಡಿ.”

ಮಾತ್ರೆ ಬಿಟ್ಟದ್ದನ್ನು ಯಾರಿಗೂ ಹೇಳದೆ ತೀರಿಕೊಂಡ ನನ್ನ ಮನೆಯಾಕೆಯ ಡಬ್ಬಿ ಇನ್ನೂ ಅರ್ಧ ತುಂಬಿಯೇ ಇದೆ. ಅವರು ಒಳಗೆ ಹೋಗುವವರೆಗೂ ನಾನು ದೇವರ ಹೆಸರು ಹೇಳುತ್ತಿದ್ದೆ. ಬಾಗಿಲು ಮುಚ್ಚಿತು. ಅಕ್ಕನ ದನಿಗಾಗಿ ಕಿವಿಗೊಟ್ಟೆ. ಮೊದಲು ಕೇಳಿಸಿದ್ದು ಬಿ.ಪಿ. ಪಟ್ಟಿಗೆ ಗಾಳಿ ಹಾಕುವ ಸದ್ದು.