ಜಾರಾ ಮನೆಯ ಹಾಡು

ದೀಪ ಸ್ವಲ್ಪ ಸಣ್ಣ ಮಾಡಿ... ಹಾಂ, ಅಷ್ಟು ಸಾಕು. ನಗುವವರು ಈಗಲೇ ನಕ್ಕುಬಿಡಿ, ನಡುವೆ ಬಾಯಿ ಹಾಕಬೇಡಿ. ಇದು ನಮ್ಮ ಸಿಕಾಸೊ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಸನಾಬಾ ದೆಂಬೆಲೆಗೆ ಆದದ್ದು. ಅವಳ ಅಂಗಡಿಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವಳ ಮೆಷಿನ್ನಿನ ಸದ್ದು ಕೇಳದಿದ್ದರೆ ನಮಗೆ ಬೆಳಗಾಗುವುದಿಲ್ಲ.

ಸೆಗೂ ಊರಿನ ಅಂಚಿನಲ್ಲಿ, ನದಿಯಿಂದ ಮೇಲೆ ಬರುವ ದಾರಿಯಲ್ಲಿ ಒಂದು ಬಾವಿ. ಅದರ ಮಗ್ಗುಲಿಗೆ ಒಂದು ಮುದಿ ಬಲಾಂಜಾನ್ ಮರ. ಸನಾಬಾ ಅಲ್ಲಿಗೆ ಬಂದಾಗ ಹೊತ್ತು ಮುಳುಗಿ, ಮಸೀದಿಯ ಕೂಗು ಆಗಷ್ಟೇ ನಿಂತಿತ್ತು. ಕಂಕುಳಲ್ಲಿ ಅವತ್ತು ಕೊಂಡ ಪುಟ್ಟ ಗಡಿಗೆ. ಬಾಯಲ್ಲಿ ಆಗತಾನೇ ಕೇಳಿದ ಹಾಡು. ಬಾವಿ ದಾಟಿ ಹತ್ತು ಹೆಜ್ಜೆ ಹಾಕಿರಬೇಕು... ಹಿಂದೆ ಸದ್ದಾಯಿತು.

ಚಪ್.

ಸ್ವಲ್ಪ ಬಿಟ್ಟು... ಚಪ್. ಒದ್ದೆ ಕಾಲನ್ನು ಕಲ್ಲಿನ ಮೇಲೆ ಊರಿದ ಸದ್ದು.

ಆ ಬಾವಿ ಬತ್ತಿ ಎಷ್ಟೋ ವರ್ಷವಾಗಿತ್ತು. ಬೆಳಿಗ್ಗೆ ಅವಳೇ ಬಗ್ಗಿ ನೋಡಿದ್ದಳು, ತಳದಲ್ಲಿ ಮುಳ್ಳುಕಂಟಿ ಬಿಟ್ಟರೆ ಏನೂ ಇರಲಿಲ್ಲ.

ಇರಲಿ. ಅವಳು ಅಲ್ಲಿಗೆ ಹೇಗೆ ಹೋದಳು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ.

ಹಬ್ಬದ ಬಟ್ಟೆಗಳನ್ನೆಲ್ಲ ಹೊಲಿದು ಕೊಟ್ಟ ಮೇಲೆ ಸನಾಬಾಳಿಗೆ ಎರಡು ದಿನ ಬಿಡುವು ಸಿಕ್ಕಿತು. ನದಿ ನೋಡಬೇಕು, ಊರು ತಿರುಗಬೇಕು, ರೇಡಿಯೋದಲ್ಲಿ ಕೇಳಿದ ನ್ಗೊನಿ ಎಂಬ ತಂತಿವಾದ್ಯವನ್ನು ಎದುರಿಗೇ ಕೂತು ಕೇಳಬೇಕು ಅಂತ ಹೊರಟಳು. ಒಬ್ಬಳೇ ಹೋಗ್ತೀಯಾ ಅಂದವರಿಗೆಲ್ಲ ಒಂದೇ ಉತ್ತರ: "ಜೊತೆಗೆ ಬಂದೋರು ಹಸಿವು ಅಂತಾರೆ, ಕಾಲು ನೋವು ಅಂತಾರೆ. ನನಗೆ ನಾನೇ ಸಾಕು." ಹುಡುಗಿಗೆ ಧೈರ್ಯ ಜಾಸ್ತಿ. ಬಾಯಿ ಇನ್ನೂ ಜಾಸ್ತಿ.

ಸೆಗೂದಲ್ಲಿ ಅವಳು ಉಳಿದದ್ದು ತೆನೆನ್ ಜಾರಾ ಎಂಬ ಹೆಂಗಸಿನ ಮನೆಯಲ್ಲಿ. ತೆನೆನ್ ಐವತ್ತು ದಾಟಿದವಳು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ಅಪ್ಪನ ಹಳೇ ಮನೆಯಲ್ಲಿ ಒಬ್ಬಳೇ ಇದ್ದಳು. ಬಾವಿಯಿಂದ ಕೂಗಿದರೆ ಕೇಳುವಷ್ಟು ದೂರ. ಸುತ್ತ ಮಣ್ಣಿನ ಗೋಡೆ, ಒಂದು ಮರದ ಬಾಗಿಲು, ಒಳಗಡೆ ತೋಳಿನಷ್ಟು ದಪ್ಪದ ಅಗುಳಿ.

ದೆಂಬೆಲೆಯವರೂ ಜಾರಾಗಳೂ ಎದುರಾದರೆ ಏನಾಗುತ್ತದೆ ಅಂತ ನಿಮಗೆ ಗೊತ್ತು. ಅಜ್ಜಂದಿರ ಕಾಲದ ಕೀಟಲೆಯ ನಂಟು, ಒಬ್ಬರನ್ನೊಬ್ಬರು ಆಳು ಅಂತ ಹಂಗಿಸಲೇಬೇಕು, ಸಿಟ್ಟಾಗುವ ಹಾಗಿಲ್ಲ, ಕೈ ಎತ್ತುವ ಹಾಗಂತೂ ಇಲ್ಲವೇ ಇಲ್ಲ. ಹೆಸರು ಕೇಳಿದ್ದೇ ತಡ, ಶುರು.

"ದೆಂಬೆಲೆನಾ? ಅಯ್ಯೋ, ನಮ್ಮ ಆಳು ಬಂದ್ಲು. ಎಲ್ಲಿಗೆ ಓಡಿ ಹೋಗಿದ್ಯೇ ಇಷ್ಟು ವರ್ಷ? ಅಂಗಳ ಗುಡಿಸೋರಿಲ್ಲ."

"ಗುಡಿಸೋಕೆ ಬಾಗಿದ್ರೆ ಮೂಗು ಮುಚ್ಚಬೇಕು, ಅಲಸಂದೆ ತಿಂದು ತಿಂದು ಮನೆಯೆಲ್ಲ ನಾರಿಸಿದ್ದೀಯ. ಯಜಮಾನಿ ಬಂದಿದ್ದೀನಿ, ಎದ್ದು ಚಾಪೆ ಹಾಸು."

ತೆನೆನ್ ಹೊಟ್ಟೆ ಹಿಡಿದು ನಕ್ಕಳು. ತನ್ನ ತಟ್ಟೆಯ ಮೀನಿನ ಒಳ್ಳೆಯ ತುಂಡು ತೆಗೆದು ಸನಾಬಾಳ ಬದಿಗೆ ತಳ್ಳಿದಳು. ಒಂದು ರಾತ್ರಿಯಲ್ಲಿ ಇಬ್ಬರೂ ತಾಯಿ ಮಗಳ ಹಾಗಾಗಿಬಿಟ್ಟರು.

ಮರುದಿನ ಸನಾಬಾ ಬೆಳಗಿನಿಂದ ಸುತ್ತಿದ್ದೇ ಸುತ್ತಿದ್ದು. ದೋಣಿ ಹತ್ತಿ ಆಚೆ ದಡದ ಕುಂಬಾರಗಿತ್ತಿಯರ ಕೇರಿಗೆ ಹೋದಳು. ಗಡಿಗೆ ಸುಡುವ ಹೊಗೆಯಲ್ಲಿ ಕಣ್ಣುಜ್ಜಿಕೊಂಡು ನಿಂತಳು. ಕೆಸರಿನಲ್ಲಿ ಬಟ್ಟೆಗೆ ಬಣ್ಣ ಹಾಕುವವರ ಅಂಗಳದಲ್ಲಿ ಕೂತು ಅವರಿಗೇ ಬುದ್ಧಿ ಹೇಳಿ ಬೈಸಿಕೊಂಡಳು. ಶುಂಠಿ ಪಾನಕ ಕುಡಿದಳು. ಬಿಸಿಲು ಇಳಿಯುವ ಹೊತ್ತಿಗೆ ದೋಣಿಗಟ್ಟೆಯ ಮಾವಿನ ಮರದ ಕೆಳಗೆ, ಮುದುಕ ಮೊಲೊಬಾಲಿ ಸಿಸೊಕೊ ನ್ಗೊನಿ ಹಿಡಿದು ಕೂತಿದ್ದ.

ಅವನು ಜೆಲಿ. ವಂಶದ ಹಾಡುಗಾರ. ನೀವು ಹೆಸರು ಹೇಳಿದರೆ ನಿಮ್ಮ ಮನೆತನದ ಸತ್ತವರನ್ನೆಲ್ಲ ಒಬ್ಬೊಬ್ಬರಾಗಿ ಕರೆದು ನಿಮ್ಮ ಮುಂದೆ ನಿಲ್ಲಿಸಿಬಿಡುತ್ತಾನೆ. ನಾವು ಹಾಗೆ ಹೇಳುವುದು ಮಾತಿಗೆ... ಹಾಡು ಅಷ್ಟು ಚೆನ್ನಾಗಿರುತ್ತದೆ ಅಂತ. ಟಿಣ್-ಟಿಣಿ, ಟಿಣ್-ಟಿಣಿ. ಸಣ್ಣ ತಂತಿ, ಒಣ ಸದ್ದು, ಆದರೂ ಎದೆಗೇ ಬಡಿಯುತ್ತದೆ. ಎದುರಿಗೆ ಕೂತ ಗಟ್ಟಿ ಗಂಡಸರು ಕಣ್ಣು ಒರೆಸಿಕೊಳ್ಳುತ್ತಿದ್ದರು.

"ನಿನ್ನ ಹೆಸರೇನವ್ವಾ?" ಅಂದ ಮುದುಕ.

ಇಲ್ಲೇ ನೋಡಿ ಅವಳು ಕೆಟ್ಟದ್ದು. ಮನೆಗೆ ಹೋಗಿ ತೆನೆನ್‌ಳನ್ನು ಕಾಡಿಸಬೇಕು, 'ನಿಮ್ಮ ಮನೆತನದ ಹೊಗಳಿಕೆಯನ್ನೆಲ್ಲ ನಾನೇ ತಿಂದು ಬಂದೆ' ಅನ್ನಬೇಕು ಅನ್ನಿಸಿತು. ಅಂಥ ಕೀಟಲೆ ನಾವೂ ಮಾಡಿದ್ದೇವೆ, ಇಲ್ಲ ಅನ್ನಬೇಡಿ.

"ಜಾರಾ," ಅಂದಳು.

"ಯಾವ ಜಾರಾ?"

"ಬಾವಿ ಹತ್ತಿರದ ಮನೆ. ತೆನೆನ್ ಇದ್ದಾಳಲ್ಲ, ಆ ಮನೆ ಹೆಣ್ಣುಮಗಳು."

ತಂತಿಯ ಮೇಲಿನ ಬೆರಳು ನಿಂತಿತು. "ಆ ಮನೆ ಹಾಡು ಬೇಡವ್ವಾ. ಹೊತ್ತು ಇಳೀತಾ ಇದೆ."

"ಬೇಡವೋ... ಇಲ್ಲಾ ಮರೆತುಹೋಗಿದೆಯೋ?"

ಸುತ್ತ ಕೂತವರು ನಕ್ಕರು. ಜೆಲಿಗೆ ಮರೆವು ಅನ್ನುವುದಕ್ಕಿಂತ ಅವನ ಮುಖಕ್ಕೆ ಉಗಿಯುವುದು ಮೇಲು. ಮುದುಕ ತಂತಿ ಬಿಗಿದ. ಆಮೇಲೆ ಶುರುಮಾಡಿದ.

ಯುದ್ಧದ ಕಾಲ. ಜಾರಾ ಮನೆಯಲ್ಲಿ ಮೂವರು ಅಣ್ಣಂದಿರು, ಒಬ್ಬ ತಂಗಿ. ಒಂದು ಮುಸ್ಸಂಜೆ ಹೊರಗೆ ನಿಂತ ಕುದುರೆ ಸವಾರರಿಗೆ ತಂಗಿಯೇ ಅಗುಳಿ ಸರಿಸಿದಳು. ಅಣ್ಣಂದಿರು ಊಟಕ್ಕೆ ಕೂತಿದ್ದರು. ಅವರನ್ನು ಅಲ್ಲೇ ಕಡಿದು, ಎಳೆದೊಯ್ದು, ನೀರು ತುಂಬಿದ ಬಾವಿಗೆ ಹಾಕಿದರು. ಒಬ್ಬನಿಗಿನ್ನೂ ಜೀವ ಇತ್ತು. ಅವನು ಒಳಗಿನಿಂದ ತಂಗಿಯ ಹೆಸರು ಕೂಗುತ್ತಲೇ ಇದ್ದ... ಹಾಡು ಅಲ್ಲಿಗೆ ನಿಂತಿತು. ಒಬ್ಬ ಮುದುಕಿ ಚಾಪೆ ಮಡಚಿಕೊಂಡು ಎದ್ದು ಹೋದಳು.

ರಾಗ ಸನಾಬಾಳ ನಾಲಿಗೆಗೆ ಅಂಟಿಕೊಂಡಿತು. ಅದನ್ನೇ ಗುನುಗುತ್ತ ಬಾವಿಯ ದಾರಿ ಹಿಡಿದಳು.

ಈಗ ಬಾವಿಗೆ ಬನ್ನಿ.

ಚಪ್. ಚಪ್. ಒಬ್ಬರದ್ದಲ್ಲ. ಜೊತೆಗೆ ಇನ್ನೊಂದು ಸದ್ದು, ಕಟಕ್... ಕಟಕ್... ಹಿಡಿ ಸಡಿಲವಾದ ಕೊಡಲಿಯ ಸದ್ದು. ಅವಳು ತಿರುಗಲಿಲ್ಲ. ಓಡಿದಳು.

ಮೂರು ಹೆಜ್ಜೆ ಅಷ್ಟೇ. ಒಂದು ಕೈ ಜಡೆಗಳಿಗೆ ಬಿತ್ತು, ತಣ್ಣನೆಯ ಒದ್ದೆ ಕೈ. ಹಿಂದಕ್ಕೆ ಎಳೆದು ನೆಲಕ್ಕೆ ಬಡಿಯಿತು. ಬಾಯಲ್ಲಿ ಮಣ್ಣು, ಹಲ್ಲು ಮುರಿದ ಸದ್ದು ಅವಳ ಕಿವಿಯೊಳಗೇ ಕೇಳಿತು. ಗಡಿಗೆ ಎತ್ತಿ ಬೀಸಿದಳು. ಎದುರಿನವನ ಮುಖಕ್ಕೆ ಬಡಿದು ಚೂರಾಯಿತು. ಅವನು ಕದಲಲಿಲ್ಲ. ಇನ್ನೊಬ್ಬ ಹೊಟ್ಟೆಗೆ ಒದ್ದ. ಮತ್ತೆ ಒದ್ದ. ಕಾಲು ಹಿಡಿದು ಬಾವಿಯ ಕಡೆ ದರದರ ಎಳೆದರು. ಬೆನ್ನ ಚರ್ಮ ಕಲ್ಲಿಗೆ ಕಿತ್ತು ಬರುತ್ತಿತ್ತು.

ಮೂವರು. ಮುಖ ಸರಿಯಾಗಿ ಕಾಣಲಿಲ್ಲ. ಕಾಣದಿದ್ದದ್ದೇ ಒಳ್ಳೆಯದಾಯಿತು ಅನ್ನುತ್ತಾಳೆ. ಒಬ್ಬನ ಕತ್ತು ಒಂದು ಕಡೆಗೆ ತೂಗುತ್ತಿತ್ತು.

ಕೊಡಲಿ ಇಳಿಯಿತು. ಸನಾಬಾ ತಲೆ ಹೊರಳಿಸಿದಳು. ಎಡಗಿವಿಯ ಅರ್ಧ ಹಾರಿಹೋಯಿತು, ಒಂದು ಜಡೆ ನೆಲಕ್ಕೆ ಬಿತ್ತು.

"ತಂಗಿ," ಅಂದ ದೊಡ್ಡವನು, ಪಿಸುಮಾತಿನಲ್ಲಿ. "ಅಗುಳಿ ಯಾಕೆ ತೆಗೆದೆ?"

ಕೊಡಲಿ ಮತ್ತೆ ಮೇಲೆದ್ದಿತು.

"ನಾನಲ್ಲ... ನಾನು ಜಾರಾ ಅಲ್ಲ. ದೆಂಬೆಲೆ. ಸಿಕಾಸೊ. ನಮ್ಮಪ್ಪ ಬೂರಾಮಾ ದೆಂಬೆಲೆ. ಸುಳ್ಳು ಹೇಳಿದೆ, ತಮಾಷೆಗೆ..."

ಕೊಡಲಿ ಮೇಲೆ ಹೋದದ್ದು ಅಲ್ಲೇ ನಿಂತಿತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ... ದೊಡ್ಡವನು ಕೊಡಲಿಯನ್ನು ಮೆಲ್ಲಗೆ ನೆಲಕ್ಕಿಳಿಸಿದ. ಅವಳ ಕಾಲು ಬಿಟ್ಟರು.

"ದೆಂಬೆಲೆ," ಅಂದ. "ಹಾಗಾದ್ರೆ ಆ ಮನೆ ಹೆಣ್ಣು ಎಲ್ಲಿ?"

ಸನಾಬಾ ಬೆರಳು ತೋರಿಸಿದಳು. ಗೋಡೆಯಾಚೆ ಒಲೆಯ ಬೆಳಕು ಕಾಣುತ್ತಿತ್ತು.

"ಅಗುಳಿ ಒಳಗಿಂದ ಹಾಕಿದೆ," ಅಂದ. "ತೆಗೆಸು."

ಅವಳು ಎದ್ದು ನಡೆದಳು. ಹೇಗೆ ನಡೆದೆನೋ ಗೊತ್ತಿಲ್ಲ ಅನ್ನುತ್ತಾಳೆ. ಹಿಂದೆ ಚಪ್ ಚಪ್, ಕಟಕ್. ಬಾಗಿಲು ತಟ್ಟಿದಳು, ಟಕ್ ಟಕ್.

"ಯಾರು?" ಒಳಗಿನಿಂದ ತೆನೆನ್.

ಕತ್ತಿನ ಹಿಂದೆ ತಣ್ಣಗೆ ಉಸಿರು. ಆಗ 'ಅಗುಳಿ ತೆಗೆಯಬೇಡ, ಓಡು' ಅಂತ ಒಂದೇ ಒಂದು ಮಾತು ಕೂಗಿದ್ದರೆ ಸಾಕಿತ್ತು. ಬಾಯಿ ತೆರೆದದ್ದೂ ನಿಜ.

"ನಾನು... ಸನಾಬಾ."

"ಸನಾಬಾನೋ? ದನಿ ಯಾಕೇ ಹೀಗಿದೆ? ದೆಂಬೆಲೆ ಆದ್ರೆ ದೆಂಬೆಲೆ ಥರ ಮಾತಾಡು, ಇಲ್ಲಾಂದ್ರೆ ಬಾಗಿಲು ತೆಗೆಯಲ್ಲ."

ತಮಾಷೆಗೆ ಅಂದದ್ದು. ಬಾಯಿ ಜೋರಿನ ಹುಡುಗಿ ಜಂಭ ಕೊಚ್ಚಲಿ ಅಂತ ತೆನೆನ್ ಕಾದು ನಿಂತಿದ್ದಳು, ಪಾಪ.

ಸನಾಬಾ ಬಾಯೊಳಗಿನ ರಕ್ತ ನುಂಗಿದಳು. "ಏಯ್ ಅಲಸಂದೆ ಚೀಲ," ಅಂದಳು. "ಯಜಮಾನಿ ಬಂದು ನಿಂತಿದ್ದಾಳೆ. ಎದ್ದು ತೆಗಿ."

ಒಳಗೆ ನಗು. ಚಪ್ಪಲಿ ಎಳೆದ ಸದ್ದು. ಅಗುಳಿ ಸರಿಯಿತು, ಗರ್‌ರ್‌...

ಅವಳನ್ನು ಪಕ್ಕಕ್ಕೆ ತಳ್ಳಿ ಮೂವರೂ ಒಳಗೆ ಹೋದರು. ಬಾಗಿಲು ಮುಚ್ಚಿತು. ಸನಾಬಾ ಹೊರಗೆ ನೆಲದ ಮೇಲೆ ಕಿವಿ ಹಿಡಿದುಕೊಂಡು ಕೂತಿದ್ದಳು. ಸೌದೆ ಒಡೆದ ಹಾಗೆ ಕೇಳಿತು. ಒಂದು. ಎರಡು. ತೆನೆನ್ ಒಮ್ಮೆ "ಸನಾಬಾ" ಅಂದಳು. ಸಹಾಯಕ್ಕೆ ಕರೆದಳೋ, ನೀನು ಓಡಿಹೋಗು ಅಂದಳೋ, ಯಾರಿಗೆ ಗೊತ್ತು? ಮೂರು.

ನೆರೆಯವರು ಬಂದಾಗ ತೆನೆನ್ ಅಂಗಳದಲ್ಲಿ ಬಿದ್ದಿದ್ದಳು, ಜೀವ ಹೋಗಿತ್ತು. ಒಲೆ ಉರಿಯುತ್ತಿತ್ತು. ಕಳ್ಳರು ಅಂದರು. ಸನಾಬಾಳ ಕಿವಿಗೆ ಬಟ್ಟೆ ಕಟ್ಟಿದರು, ಸಮಾಧಾನ ಮಾಡಿದರು, ಆ ಹುಡುಗಿ ಒಬ್ಬಳೇ ಹೋರಾಡಿದ್ದಾಳೆ ಅಂತ ಹೊಗಳಿದರು ಕೂಡ.

ಮರುದಿನ ಮಣ್ಣು ಮಾಡುವಾಗ ಮುದುಕ ಮೊಲೊಬಾಲಿ ಬಂದಿದ್ದ. ನ್ಗೊನಿ ಇರಲಿಲ್ಲ. ಅವಳೊಬ್ಬಳನ್ನೇ ಗೋಡೆಯ ಮರೆಗೆ ಕರೆದ.

"ನೀನು ಯಾರ ಮಗಳು? ನಿಜ ಹೇಳು."

ಹೇಳಿದಳು. ಎಲ್ಲ ಹೇಳಿದಳು.

ಮುದುಕ ಅವಳ ಕಿವಿಯ ಕಟ್ಟು ನೋಡಿದ. "ದೆಂಬೆಲೆ ಅಂದ ಮೇಲೆ ಕೊಡಲಿ ನೆಲಕ್ಕಿಳಿಸಿದ್ರಾ?"

"ಇಳಿಸಿದ್ರು."

"ಇಳಿಸಲೇಬೇಕವ್ವಾ. ಜಾರಾ ಕೈಯಿಂದ ದೆಂಬೆಲೆ ರಕ್ತ ಬೀಳೋ ಹಾಗಿಲ್ಲ. ಅಜ್ಜಂದಿರು ಇಟ್ಟ ಆಣೆ, ಸತ್ತೋರನ್ನೂ ಬಿಡೋದಿಲ್ಲ. ನಿನ್ನ ಹೆಸರು ತಿಳಿದ ಮೇಲೆ ನಿನ್ನ ಕೂದಲೂ ಕೊಂಕಿಸೋಕೆ ಆಗ್ತಿರಲಿಲ್ಲ ಅವರಿಗೆ. ಬಾಗಿಲ ಮುಂದೆ ಸುಮ್ಮನೆ ಕೂತಿದ್ದಿದ್ರೂ ಸಾಕಿತ್ತು... ಅವರು ಬೆಳಕು ಹರಿಯೋವರೆಗೂ ಕಾದಿದ್ದು ಹೊರಟುಹೋಗೋರು."

ನಮ್ಮ ಕಡೆ ಮೂರು ವರ್ಷದ ಮಗುವಿಗೂ ಇದು ಗೊತ್ತು. ಸನಾಬಾಳಿಗೂ ಗೊತ್ತಿತ್ತು. ಹೆದರಿಕೆಯಲ್ಲಿ ಮರೆತಳು, ಅಷ್ಟೇ. ನನಗೆ ಅವಳ ಮೇಲೆ ಸಿಟ್ಟು ಬರುತ್ತದೆ, ಮರುಗಳಿಗೆ ಅಳು ಬರುತ್ತದೆ. ನಾವಾಗಿದ್ದರೆ ಸುಮ್ಮನೆ ಕೂತಿರುತ್ತಿದ್ದೆವೇ?

ಈಗ ಅವಳ ಅಂಗಡಿಗೆ ಜಾರಾ ಮನೆತನದವರು ಯಾರಾದರೂ ಬಂದು, "ಏನೇ ನಮ್ಮ ಆಳು, ಬಟ್ಟೆ ಹೊಲಿದ್ಯಾ?" ಅಂದರೆ ತಲೆ ಬಗ್ಗಿಸಿ ಅಳತೆ ತೆಗೆಯುತ್ತಾಳೆ. ತಿರುಗಿ ಬೈಗುಳ ಸಿಗದೆ ಅವರು ಬೇಜಾರು ಮಾಡಿಕೊಂಡು ಹೋಗುತ್ತಾರೆ.

ಕಟ್ಟುಕತೆ ಅನ್ನುವವರು ಸೆಗೂಗೆ ಹೋಗಿ, ತೆನೆನ್‌ಳ ಮೈ ತೊಳೆದ ಮುದುಕಿ ಇನ್ನೂ ಇದ್ದಾಳೆ, ಕೇಳಿ. ವಾರದ ಹಿಂದಷ್ಟೇ ಅವರಿಬ್ಬರೂ ನದಿಯಲ್ಲಿ ಒಟ್ಟಿಗೆ ಮಿಂದಿದ್ದರಂತೆ, ತೆನೆನ್ ಮೈಮೇಲೆ ಒಂದು ಗೀರು ಇರಲಿಲ್ಲವಂತೆ. ಚಾಪೆಯ ಮೇಲೆ ಮಲಗಿಸಿ ಬಟ್ಟೆ ಸರಿಸಿದರೆ ಮೂರು ಕೊಡಲಿ ಏಟು. ಕತ್ತಿಗೆ ಒಂದು, ಹೆಗಲಿಗೆ ಒಂದು, ಪಕ್ಕೆಗೆ ಒಂದು. ರಕ್ತ ಇರಲಿಲ್ಲ. ಮೂರೂ ಮಾಗಿ, ಚರ್ಮ ಕೂಡಿ, ನಲವತ್ತು ಐವತ್ತು ವರ್ಷದ ಹಳೇ ಕಲೆಗಳ ಹಾಗೆ ಬಿಳಿಚಿಕೊಂಡಿದ್ದವು. ಆ ಮುದುಕಿ ಬೆರಳಿಟ್ಟು ಮುಟ್ಟಿ ನೋಡಿದ್ದಾಳೆ.